ಎಡಗಾಲಿನ ಗೇರು

ಗೋಕಾಕ
ಸೋಮವಾರ, 12 ಆಗಸ್ಟ್ 2024

ಮಗನೇ ಸೋಮಲಿಂಗ,

ಇವತ್ತು ಶ್ರಾವಣದ ಸೋಮವಾರ, ನನಗೆ ಉಪವಾಸ. ಬೆಳಗ್ಗೆ ಎದ್ದು ಷೋರೂಮಿನ ಮುಂದೆ ಕಸ ಹೊಡೆದು, ನೀರು ಚಿಮುಕಿಸಿ ರಂಗೋಲಿ ಹಾಕಿದೆ. ಒಳಗಿನ ಗಾಡಿಗಳ ಧೂಳು ಒರೆಸಿದೆ. ನೀನಿದ್ದಾಗ ಅದು ನಿನ್ನ ಕೆಲಸವಾಗಿತ್ತು. ಆಮೇಲೆ ಜಳಕ ಮಾಡಿ, ಮಲ್ಲಯ್ಯನಿಗೆ ಪತ್ರಿ ಏರಿಸಿ, ನಿನ್ನ ಬುತ್ತಿ ಕಟ್ಟಲು ಕುಳಿತೆ. ಉಪವಾಸ ನನಗೆ, ನಿನಗಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಈ ಕಾಗದವನ್ನು ರೊಟ್ಟಿಯ ಅರಿವೆಯ ಕೆಳಗೆ ಇಟ್ಟಿದ್ದೇನೆ. ಎಣ್ಣೆ ಹತ್ತಿದ್ದರೆ ಬೇಸರ ಮಾಡಬೇಡ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಆದರೆ ಕಂಡಕ್ಟರ್ ಅಶೋಕ ಬೆಳಗಿನ ಬಸ್ಸಿನಲ್ಲಿ ಹುಕ್ಕೇರಿಗೆ ಒಯ್ದ ಡಬ್ಬಿ ಸಂಜೆಗೆ ಖಾಲಿಯಾಗಿ, ತೊಳೆದು, ತಿರುಗಿ ಬರುತ್ತದೆ. ಹಾಗಾದರೆ ಡಬ್ಬಿಯೊಳಗೇ ಮಾತಾಡೋಣ ಎಂದುಕೊಂಡೆ.

ಆವತ್ತು ಶಾರ್ದೂಲ ಮೋಟಾರ್‌ಸೈಕಲ್ ಕಂಪನಿಯ ಸಾಹೇಬರು ಬಂದಾಗ ನಾನು ಚಹಾ ಹಿಡಿದು ಬಾಗಿಲಲ್ಲೇ ಇದ್ದೆ. ಎಲ್ಲ ಕೇಳಿದ್ದೇನೆ. "ರಾವಸಾಹೇಬರ, ನಿಮ್ಮ ಗಿರಾಕಿಗೋಳೆಲ್ಲಾ ತಲಿ ಬೆಳ್ಳಗಾದವರ ಅದಾರ. ನಮ್ಮ ಗಾಡಿ ಹುಡುಗರ ಕೈಗೆ ಹೋಗಬೇಕ್ರಿ. ಯುಗಾದಿ ತನಕಾ ನೋಡ್ತೀವಿ, ಇಲ್ಲಾಂದ್ರ ಈ ಏಜೆನ್ಸಿ ಬಂದ್" ಎಂದರು. ನಿಮ್ಮ ಅಪ್ಪ ತಲೆ ಎತ್ತಿ, "ಫೌಜಿನವರು, ಫೌಜದಾರರು, ಊರ ಗೌಡರು ಓಡಿಸಿದ ಗಾಡಿರಿ ಇದು" ಎಂದರು. ಅದಕ್ಕೆ ನೀನು ಸಾಹೇಬರ ಎದುರಿಗೇ, "ಅವರೆಲ್ಲಾ ಈಗ ಗಾಡಿ ಮ್ಯಾಲ ಇಲ್ಲಪ್ಪಾ, ಗ್ವಾಡಿ ಮ್ಯಾಲ ಅದಾರ, ಹಾರ ಹಾಕಿಸಿಕೊಂಡು" ಎಂದೆ.

ಸಾಹೇಬರು ನಕ್ಕುಬಿಟ್ಟರು. ಅವರು ನಗದಿದ್ದರೆ ಅಪ್ಪ ನುಂಗಿಕೊಳ್ಳುತ್ತಿದ್ದರೋ ಏನೋ. ನಟ್ಟು ಬಿಗಿಯುತ್ತಿದ್ದ ಪಾನಾವನ್ನು ನಿನ್ನ ಕೈಯಿಂದ ಕಸಿದುಕೊಂಡು, "ಇನ್ನ ನನ್ನ ಪಾನಾ ಮುಟ್ಟಬ್ಯಾಡ" ಎಂದರು. ನೀನು ಸಂಜೆಯ ಬಸ್ಸು ಹತ್ತಿದೆ. ಈಗ ಹುಕ್ಕೇರಿಯಲ್ಲಿ ಬೇರೆ ಕಂಪನಿಯ ಗಾಡಿ ಮಾರುತ್ತಿದ್ದೀ ಎಂದು ಜನರಿಂದ ಕೇಳಿ ತಿಳಿದೆ. ಆ ಪಾನಾ ಆವತ್ತಿನಿಂದ ದೇವರ ಜಗಲಿಯ ಬಾಜೂ ಇದೆ. ಅವರೇ ತಂದಿಟ್ಟರು. ಯಾರೂ ಮುಟ್ಟಿಲ್ಲ.

ನಾಲ್ಕು ಸಾಲು ಬರೆದು ಡಬ್ಬಿಯಲ್ಲಿ ಹಾಕು. ಬೈದು ಬರೆದರೂ ಅಡ್ಡಿಯಿಲ್ಲ.

ನಿನ್ನ ಅವ್ವ,
ಭರಮವ್ವ


ಹುಕ್ಕೇರಿ
ಬುಧವಾರ, 21 ಆಗಸ್ಟ್ 2024

ಅವ್ವಾ,

ಆರಾಮ ಇದ್ದೇನೆ. ದ್ರಾಕ್ಷಾಯಿಣಿ ಅಕ್ಕನ ಖಾನಾವಳಿಯ ಮೇಲೆ ಒಂದು ರೂಮು ಹಿಡಿದಿದ್ದೇನೆ. ನಿನ್ನ ಬುತ್ತಿ ಬಂದ ದಿನ ಅಕ್ಕ, "ಬಂತವಾ ಇವನ ಅತ್ತಿಮನಿ ಬುತ್ತಿ. ನಮ್ಮ ರೊಟ್ಟಿ ಏನ ಕಲ್ಲ ಅದಾವೇನ?" ಎಂದು ಎಲ್ಲರೆದುರು ಕಾಡಿಸುತ್ತಾಳೆ.

ಇಲ್ಲಿ ದಿನಾ ಹುಡುಗರು ಬರುತ್ತಾರೆ. ಕೂತು ನೋಡುತ್ತಾರೆ, ಒಂದು ಸುತ್ತು ಹೊಡೆಯುತ್ತಾರೆ, ಮರುದಿನ ಮನೆಯವರನ್ನು ಕರೆದುಕೊಂಡು ಬರುತ್ತಾರೆ. ನಮ್ಮಲ್ಲಿ ಯಾಕೆ ಬರುವುದಿಲ್ಲ ಗೊತ್ತೇನು? ನಮ್ಮಲ್ಲಿ ಓಡಿಸಿ ನೋಡಲು ಕೊಡುವುದು ಆ ಕರಿ ಗಾಡಿ. ಅದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹಳೆಯ ಶಾರ್ದೂಲ ಎಲ್ಲವೂ ಹಾಗೇ ಇದ್ದವು. ಕಂಪನಿಯೇ ಅದನ್ನು ಬಿಟ್ಟು, ಉಳಿದೆಲ್ಲ ಗಾಡಿಗಳ ಹಾಗೆ ಗೇರನ್ನು ಎಡಗಾಲಿಗೆ ತಂದು ಎಷ್ಟೋ ವರ್ಷವಾಯಿತು. ಆದರೆ ಮೂಡಲಗಿ, ಕಲ್ಲೋಳಿ ಕಡೆಯ ಹಳೆ ಗಿರಾಕಿಗಳು ಹೊಸ ಗಾಡಿ ಕೊಂಡರೂ "ನಮ್ಮ ಕಾಲಿಗೆ ಮಾಡಿ ಕೊಡ್ರಿ" ಅನ್ನುತ್ತಾರೆ. ಅಪ್ಪ ಅಡ್ಡ ಸರಳು ಕೂಡಿಸಿ ಮತ್ತೆ ಬಲಕ್ಕೆ ಮಾಡಿಕೊಡುತ್ತಾನೆ. ಕರಿ ಗಾಡಿಗೂ ಹಾಗೇ ಮಾಡಿ ಇಟ್ಟಿದ್ದಾನೆ.

ನನ್ನ ಗೆಳೆಯ ಲಖನ ಬಂದಿದ್ದ ನೆನಪಿದೆಯಲ್ಲ. ಗೇರು ಎಂದು ಎಡಗಾಲು ಒತ್ತಿದ, ಬ್ರೇಕು ಹಿಡಿಯಿತು, ಬಾಗಿಲ ಮುಂದೆಯೇ ಬಿದ್ದ. ಅಪ್ಪ ಎತ್ತುವುದು ಬಿಟ್ಟು, "ಮೊದಲ ಎಮ್ಮಿ ಮ್ಯಾಲ ಕೂತು ಕಲತು ಬಾ" ಎಂದ. ಲಖನ ಮತ್ತೆ ಬರುತ್ತಾನೇನು? ಅವನ ಗೆಳೆಯರು ಬರುತ್ತಾರೇನು?

ಆ ಒಂದು ಗಾಡಿಯ ಗೇರನ್ನು ಎಡಕ್ಕೆ ಹಾಕಲು ಅಪ್ಪಗೆ ಹೇಳು. ನಾನು ಹೇಳಿದೆ ಎಂದು ಹೇಳಬೇಡ.

ಸೋಮಲಿಂಗ


ಗೋಕಾಕ
ರವಿವಾರ, 13 ಅಕ್ಟೋಬರ್ 2024

ಮಗನೇ,

ನವರಾತ್ರಿಯ ಉಪವಾಸ ನಿನ್ನೆಗೆ ಮುಗಿಯಿತು. ದೇವಿ ನಡೆಸಿಕೊಟ್ಟಳು. ಈ ಸಲ ಹಬ್ಬಕ್ಕಾದರೂ ಬರುತ್ತೀ ಎಂದು ಬಸ್ಸಿನ ವೇಳೆಗೆ ಎರಡು ಸಲ ಹೊರಗೆ ಬಂದು ನೋಡಿದೆ.

ಹಿಂದೆಲ್ಲ ಖಂಡೇಪೂಜೆಗೆ ನಮ್ಮ ಓಣಿ ತುಂಬ ಶಾರ್ದೂಲ ನಿಲ್ಲುತ್ತಿದ್ದವು. ಕುಂಬಳಕಾಯಿ ಒಡೆದೊಡೆದು ನಮ್ಮ ಮೇಸ್ತ್ರಿ ಮಾಳು ಸಂಜೆಗೆ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ. ಈ ವರ್ಷ ಕಲ್ಲೋಳಿಯ ಉದ್ದಪ್ಪ ಕಾಕಾ ಒಬ್ಬರೇ ಬಂದರು. ಫೌಜಿನಿಂದ ಬಂದ ಮೇಲೆ ಕೊಂಡ ಅದೇ ಗಾಡಿ, ಅದೇ ಟೊಪ್ಪಿಗೆ. ಹಿಂದಿನಿಂದ ಮೊಮ್ಮಗ ಶುಭಮ್ ತನ್ನ ಬೇರೆ ಗಾಡಿಯಲ್ಲಿ ಬಂದ. ಗೋಕಾಕದ ಕಾಲೇಜಿಗೆ ಬರುತ್ತಾನಲ್ಲ, ಅವನೇ.

ಅಪ್ಪ ಅವನಿಗೆ, "ಅಜ್ಜನ ಗಾಡಿ ನೀ ಯಾವಾಗ ಓಡಸಾಂವಪಾ?" ಎಂದು ಕೇಳಿದರು.

"ಅಜ್ಜಂದು ಅಜ್ಜಗ ಇರಲ್ರಿ ಕಾಕಾ. ಅದನ್ನ ಹತ್ತಿದ್ರ ನಾನೂ ಅಜ್ಜ ಆದಂಗ ಕಾಣ್ತೇನಿ."

"ಕಿಕ್ ಹೊಡ್ಯಾಕ ತ್ರಾಣ ಬೇಕೋ ಮಗನ," ಎಂದರು ಉದ್ದಪ್ಪ ಕಾಕಾ, "ನಿಮ್ಮವು ಬಟನ್ ಒತ್ತೂ ಕಾಲ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಆದರೆ ಪೂಜೆಯ ಊದಿನಕಡ್ಡಿ ಹಿಡಿದುಕೊಂಡು ಬಾಳ ಹೊತ್ತು ಓಣಿಯ ಆ ತುದಿ ನೋಡುತ್ತ ನಿಂತಿದ್ದರು. ಮತ್ತಾರೂ ಬರಲಿಲ್ಲ. ತಂದಿದ್ದ ಕುಂಬಳಕಾಯಿ ಹಾಗೇ ಉಳಿದಿವೆ. ನಾನು ದಿನಾ ಅದರದೇ ಪಲ್ಯ ಮಾಡುತ್ತಿದ್ದೇನೆ.

ಗೇರಿನ ಮಾತು ಹೇಳಿದೆ. ನೀನು ಹೇಳಿದೆ ಎನ್ನಲಿಲ್ಲ. "ಹುಡುಗರಿಗೆ ಎಡಕ್ಕಿದ್ದರ ಚಲೋ ಅಂತ" ಎಂದೆ. "ಯಾರ ಅಂದ್ರು?" ಎಂದು ಕೇಳಿದರು. ನನಗೆ ಸುಳ್ಳು ಬರುವುದಿಲ್ಲ. ಹೂಬತ್ತಿ ಹೊಸೆಯುತ್ತ ಕುಳಿತೆ. ಅವರಿಗೆ ತಿಳಿಯಿತು.

ನಿನ್ನೆ ಸಂಜೆ ಬನ್ನಿ ಮುಡಿದು ಬಂದ ಮೇಲೆ ಊರೆಲ್ಲ ಒಬ್ಬರಿಗೊಬ್ಬರು ಎಲೆ ಕೊಟ್ಟುಕೊಂಡು ವರ್ಷದ ಸಿಟ್ಟು ಬಿಟ್ಟರು. ಇವರು ಊಟ ಮಾಡಿ, ಕೈ ತೊಳೆದು, ಕಿಸೆಯಿಂದ ಒಂದು ಬನ್ನಿ ಎಲೆ ತೆಗೆದು ನನ್ನ ಮುಂದೆ ಇಟ್ಟರು. "ಡಬ್ಬ್ಯಾಗ ಹಾಕು" ಎಂದರು. ಅಷ್ಟೇ. ಮುಚ್ಚಳದ ಒಳಗೆ ಅಂಟಿಸಿದ್ದೇನೆ, ನೋಡಿಕೋ.

ಅವ್ವ


ಗೋಕಾಕ
ಸೋಮವಾರ, 25 ನವೆಂಬರ್ 2024

ಮಗನೇ ಸೋಮಲಿಂಗ,

ಕಾರ್ತಿಕದ ಕೊನೆಯ ಸೋಮವಾರ. ದೀಪ ಹಚ್ಚಿ ಬಂದು ಬರೆಯುತ್ತಿದ್ದೇನೆ, ಇನ್ನೂ ಬಾಯಿಗೆ ನೀರು ಹಾಕಿಲ್ಲ. ಡಬ್ಬಿ ತಿರುಗಿ ಬಂದಾಗ ಬನ್ನಿ ಎಲೆ ಒಳಗೆ ಇರಲಿಲ್ಲ. ಕಾಗದವೂ ಇರಲಿಲ್ಲ. ಇರಲಿ. ಎಲೆ ಬರಲಿಲ್ಲವಲ್ಲ, ನನಗೆ ಅಷ್ಟು ಸಾಕು.

ಈಗ ಕೇಳು. ಕರಿ ಗಾಡಿಯ ಗೇರು ಎಡಕ್ಕೆ ಬಂದಿದೆ. ಒಂದು ಮುಂಜಾನೆ ಜಗಲಿಯ ಬಾಜೂ ಇದ್ದ ಆ ಪಾನಾ ತೆಗೆದುಕೊಂಡು ಹೋಗಿ, ತಾವೇ ನೆಲಕ್ಕೆ ಕೂತು ಬಿಚ್ಚಿದರು. ಮಾಳು ಕೈಹಾಕಲು ಹೋದರೆ, "ಇದು ನನ್ನ ಮನಿ ಕೆಲಸ, ನೀ ಸರಿ" ಎಂದರು.

ಶುಭಮ್ ಮತ್ತು ಅವನ ಕಾಲೇಜಿನ ಹುಡುಗರು ಬಂದಿದ್ದರು. ಒಬ್ಬೊಬ್ಬರೇ ಹತ್ತಿ ಸುತ್ತು ಹೊಡೆದರು. ಒಬ್ಬರೂ ಬೀಳಲಿಲ್ಲ. ಶುಭಮ್ ಇಳಿದು, "ಕಾಕಾ, ಇದರ ಆವಾಜ ಎದ್ಯಾಗ ಬಡೀತೈತ್ರಿ" ಎಂದ. ನಿಮ್ಮ ಅಪ್ಪನ ಮುಖ ನೋಡಬೇಕಿತ್ತು ನೀನು. ಚಹಾ ತರಿಸಿದರು, ತಮ್ಮ ಖಾರಾ ಚೂಡಾ ಡಬ್ಬಿಯನ್ನೇ ಅವರ ಮುಂದೆ ಸುರಿದರು. ಕೊಳ್ಳುತ್ತೇವೆ ಎಂದು ಯಾರೂ ಹೇಳಲಿಲ್ಲ. ಮನೆಯಲ್ಲಿ ಕೇಳುತ್ತೇವೆ ಎಂದರು. ಇವರಿಗೆ ಅಷ್ಟೇ ಹಬ್ಬವಾಯಿತು.

ಆದರೆ ಇವರಿಗೇ ಆ ಗಾಡಿ ಓಡಿಸಲು ಬರುವುದಿಲ್ಲ ಈಗ. ಬೆಳಗ್ಗೆ ಯಾರೂ ಏಳುವ ಮುಂಚೆ ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ರೂಢಿ ಮಾಡುತ್ತಾರೆ. "ಹೊಸಾ ಸೊಸಿ ಬಂದ ಅಡಗಿಮನಿ ಆಗೇತಿ ನೋಡ. ಉಪ್ಪ ಎಲ್ಲಿ, ಖಾರ ಎಲ್ಲಿ, ಕೈಗೇ ಹತ್ತವಲ್ದು" ಎನ್ನುತ್ತಾರೆ. ನಾನು, "ಮಗಾ ಬಂದು ಓಡಸ್ತಾನ, ನೀವ್ಯಾಕ ಕಲೀತೀರಿ?" ಎಂದೆ. ಗಾಡಿ ಒರೆಸುತ್ತ, ನನ್ನ ಕಡೆ ನೋಡದೆ, "ಎಳ್ಳ ಅಮಾಸಿಗೆ ಬರ್ತಾನೇನ ಕೇಳು" ಎಂದರು.

ಕೇಳಿದ್ದೇನೆ. ಉತ್ತರ ಕಳಿಸು.

ಅವ್ವ


ಹುಕ್ಕೇರಿ
ಶನಿವಾರ, 21 ಡಿಸೆಂಬರ್ 2024

ಅವ್ವಾ,

ಅಮವಾಸ್ಯೆಗೆ ರಜೆ ಕೇಳಿದೆ, ಕೊಡಲಿಲ್ಲ. ವರ್ಷದ ಕೊನೆ, ಗಿರಾಕಿ ಬಹಳ. ಮರುದಿನವೂ ಇಲ್ಲ. ಹೊಸ ವರ್ಷದ ದಿನ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಂದರೆ ಎರಡು ದಿನ ಇರುತ್ತೇನೆ. ಶುಭಮ್‌ನ ಗೆಳೆಯರನ್ನು ಮತ್ತೆ ಕರೆಸು, ನಾನು ಮಾತಾಡುತ್ತೇನೆ. ಅವರಿಗೆ ಹೇಗೆ ಹೇಳಬೇಕು ಎಂದು ನನಗೆ ಗೊತ್ತು.

ಅಪ್ಪಗೆ ಹೇಳು, ಕಾಲು ರೂಢಿಯಾಗುವ ತನಕ ಆ ಗಾಡಿಯನ್ನು ಊರೊಳಗೆ ಮಾತ್ರ ಓಡಿಸಲಿ. ಈ ಸಲ ನಾನು ಹೇಳಿದೆ ಎಂದೇ ಹೇಳು.

ಶೇಂಗಾ ಹೋಳಿಗೆ ಮಾತ್ರ ಅಮವಾಸ್ಯೆಯ ದಿನವೇ ಕಳಿಸು. ಆರಿದ ಮೇಲೆ ಅದರ ರುಚಿ ಇರುವುದಿಲ್ಲ. ದ್ರಾಕ್ಷಾಯಿಣಿ ಅಕ್ಕನಿಗೂ ಎರಡು ಹಾಕು, ಬಾಯಿ ಮುಚ್ಚಲಿ.

ಬನ್ನಿ ಎಲೆ ಒಣಗಿದೆ.

ಸೋಮಲಿಂಗ


ಗೋಕಾಕ
ಸೋಮವಾರ, 10 ಫೆಬ್ರವರಿ 2025

ಸೋಮಲಿಂಗ,

ಉಪವಾಸ ಯಾವುದು, ಊಟದ ದಿನ ಯಾವುದು, ಈಗ ಲಕ್ಷ್ಯದಲ್ಲಿ ಇರುವುದಿಲ್ಲ. ಇವತ್ತು ಸೋಮವಾರ ಎಂದು ಪಕ್ಕದ ಮನೆಯವರು ಹೇಳಿದ ಮೇಲೆ ಒಲೆಯ ಮೇಲಿನ ಅನ್ನ ಇಳಿಸಿದೆ. ಬೆಳಗ್ಗೆ ನಿಮ್ಮ ಅಪ್ಪನನ್ನು ಎಬ್ಬಿಸಿ ಕೂಡಿಸಿ, ಗಾಯದ ಪಟ್ಟಿ ಬಿಚ್ಚಿ ತೊಳೆದು ಕಟ್ಟಿ, ಮೈ ಒರೆಸಿ, ಚಹಾ ಕುಡಿಸಿ ಕುಳಿತಿದ್ದೇನೆ.

ಕಳಿಸಿದ ಬುತ್ತಿ ಕಟ್ಟಿದ ಗಂಟು ಬಿಚ್ಚದೆ ತಿರುಗಿ ಬರುತ್ತಿದೆ. ರೊಟ್ಟಿ ಒಣಗಿ ಸೆಟೆದಿರುತ್ತದೆ. ಎಮ್ಮೆಗೆ ಹಾಕುತ್ತೇನೆ. ಒಳಗಿನ ಕಾಗದವನ್ನೂ ನೀನು ಓದಿಲ್ಲ ಎಂದಾಯಿತು. ಇದನ್ನು ರೊಟ್ಟಿಯ ಕೆಳಗೆ ಇಟ್ಟಿಲ್ಲ. ಡಬ್ಬಿಯ ಮೇಲೆಯೇ ದಾರದಿಂದ ಕಟ್ಟಿದ್ದೇನೆ.

ಅಮವಾಸ್ಯೆಯ ದಿನದ್ದನ್ನು ನಿನಗೆ ಯಾರೂ ನೇರ ಹೇಳಿಲ್ಲ. ನೀನು ಕೇಳಲೂ ಇಲ್ಲ. ನಿನ್ನಷ್ಟಕ್ಕೆ ನೀನು ಏನು ಕಟ್ಟಿಕೊಂಡಿದ್ದೀಯೋ. ಅದಕ್ಕೇ ಬರೆಯುತ್ತೇನೆ.

ಭೂಮಿತಾಯಿಗೆ ಚೆಲ್ಲುವ ಚರಗ ಎತ್ತಿಡದೆ ನಾನು ಹೋಳಿಗೆಯನ್ನು ಯಾರಿಗೂ ಕೊಡುವುದಿಲ್ಲ. ಮೊದಲು ಚರಗ, ಆಮೇಲೆ ನಿನ್ನ ಬುತ್ತಿ. ಅಷ್ಟರಲ್ಲಿ ತಡವಾಯಿತು. ನಾನು ಡಬ್ಬಿ ಹಿಡಿದು ಓಡಿದರೆ ಬಸ್ಸು ಹೋಗಿಬಿಟ್ಟಿತ್ತು. ಮನೆಗೆ ಬಂದು, "ಇರಲಿ ಬಿಡ್ರಿ, ನಾಡದು ಅವನ ಬರ್ತಾನಲ್ಲ" ಎಂದೆ. ಅವರು ಕೇಳಲಿಲ್ಲ. "ಆರಿದ ಮ್ಯಾಲ ರುಚಿ ಇರೂದಿಲ್ಲ ಅಂದಾನಲ್ಲ. ಘಟಪ್ರಭಾದಾಗ ಬಸ್ ನಿಂದರ್ತೈತಿ, ಹಿಡೀತೇನಿ" ಎಂದು ಡಬ್ಬಿ ಇಸಿದುಕೊಂಡರು. ಅವರ ಸ್ವಂತ ಗಾಡಿಯ ಇಂಜಿನು ಮಾಳು ಬಿಚ್ಚಿಟ್ಟಿದ್ದ. ಕರಿ ಗಾಡಿ ತೆಗೆದರು. ಊರೊಳಗೆ ಮಾತ್ರ ಎಂದು ನೀನು ಬರೆದದ್ದನ್ನು ನಾನು ಹೇಳಿದೆ. "ತಿಂಗಳಾತ, ನನ್ನ ಕಾಲಿಗೂ ಬುದ್ಧಿ ಬಂದೈತಿ" ಎಂದು ನಕ್ಕರು. ಆ ದಿನ ಬಾಳ ಖುಷಿಯಲ್ಲಿ ಇದ್ದರು.

ಕಬ್ಬಿನ ಟ್ರ್ಯಾಕ್ಟರು ಹೊಲದ ದಾರಿಯಿಂದ ಒಮ್ಮೆಲೇ ರಸ್ತೆಗೆ ಬಂತು. ಎಡಗಾಲು ಒತ್ತಿದರು. ಅಲ್ಲಿ ಬ್ರೇಕು ಇರಲಿಲ್ಲ, ಗೇರು ಇತ್ತು. ಮತ್ತೆ ಒತ್ತಿದರಂತೆ. ಮತ್ತೆ ಒತ್ತಿದರಂತೆ. ಓಣಿಯಲ್ಲಿ ಕಲಿತದ್ದನ್ನು ಕಾಲು ಆ ಹೊತ್ತಿಗೆ ಮರೆತಿತ್ತು. ಬಲಗಾಲು ಟ್ರೇಲರಿನ ಗಾಲಿಗೆ ಸಿಕ್ಕಿತು.

ನೀನು ಬೆಳಗಾವಿಯ ಆಸ್ಪತ್ರೆಗೆ ಬಂದದ್ದನ್ನು ನಾನು ನೋಡಿದೆ. ನೀನು ಬಾಗಿಲಲ್ಲಿ ನಿಂತೆ. ಮೊಣಕಾಲಿನ ಕೆಳಗೆ ಕಾಲಿಲ್ಲದೆ ಚಾದರ ಹಾಸಿಗೆಗೆ ಹತ್ತಿಕೊಂಡಿದ್ದನ್ನು ನೋಡಿ ತಿರುಗಿದೆ. ನಾನು ಕೂಗುವುದರೊಳಗೆ ನೀನು ಮೆಟ್ಟಿಲು ಇಳಿದಿದ್ದೆ. ಅವರು ನಿದ್ದೆಯಲ್ಲಿ ಇದ್ದಾರೆ ಎಂದು ನೀನು ತಿಳಿದಿರಬೇಕು. ಇರಲಿಲ್ಲ. ಕಣ್ಣು ಮುಚ್ಚಿದ್ದರು ಅಷ್ಟೇ.

ಅವರಿಗೆ ಮೊದಲು ಎಚ್ಚರವಾದಾಗ ಕಾಲನ್ನು ಕೇಳಲಿಲ್ಲ. "ಡಬ್ಬಿ ಮುಟ್ಟಿತೇನ?" ಎಂದು ಕೇಳಿದರು. ಡಬ್ಬಿ ಬಾಜೂ ಜೋಳದ ಹೊಲದಲ್ಲಿ ಬಿದ್ದಿತ್ತು. ಮುಚ್ಚಳ ನೆಗ್ಗಿತ್ತು. ಹೋಳಿಗೆ ಒಂದೂ ಮುರಿದಿರಲಿಲ್ಲ. ಮುಟ್ಟಲಿಲ್ಲ ಎಂದೇ ಹೇಳಿದೆ.

ಗೇರು ಎಡಕ್ಕೆ ಹಾಕು ಎಂದದ್ದು ನೀನು. ಹಾಕಿದ್ದು ಅವರು. ಹೋಳಿಗೆ ತಡ ಮಾಡಿದ್ದು ನಾನು. ದೇವರ ಮುಂದೆ ಕೂತು ಇದನ್ನು ಎಷ್ಟು ಸಲ ತಿರುವಿ ಹಾಕಿದರೂ ಯಾರ ಪಾಲಿಗೆ ಎಷ್ಟು ಎಂದು ನನಗೆ ಬಗೆಹರಿಯುವುದಿಲ್ಲ. ನಿನಗೆ ಬಗೆಹರಿದಿದ್ದರೆ ಬಂದು ಹೇಳು. ಅಲ್ಲೇ ಕುಳಿತು ಎಲ್ಲವನ್ನೂ ನೀನೊಬ್ಬನೇ ಹೊರಬೇಡ.

ಕಂಪನಿಯ ಸಾಹೇಬರು ಹಣ್ಣು ತೆಗೆದುಕೊಂಡು ಬಂದಿದ್ದರು. ಯುಗಾದಿಯ ತನಕ ಕಾಯಲಿಲ್ಲ. ಅವರು ಬಂದುಹೋದ ಮರುವಾರವೇ ಲಾರಿ ಬಂತು, ಹೊಸ ಗಾಡಿಗಳನ್ನು ಏರಿಸಿದರು, ಬೋರ್ಡು ಇಳಿಸಿದರು. ಇನ್ನು ಮೇಲೆ ದೊಡ್ಡ ಊರುಗಳಲ್ಲಿ ಮಾತ್ರವಂತೆ, ಗಾಜಿನ ಷೋರೂಮು, ಒಳಗೆ ಹುಡುಗರಿಗೆ ಕೂತು ಕಾಫಿ ಕುಡಿಯಲು ಜಾಗ. ಸಾಹೇಬರು ಹೇಳುತ್ತಿದ್ದರೆ ಅಪ್ಪ, "ಚಲೋ ಆತ್ರಿ, ಚಲೋ ಆತು" ಎನ್ನುತ್ತಿದ್ದರು. ಷೋರೂಮಿನ ಮುಂದೆ ನಾನು ಈಗಲೂ ರಂಗೋಲಿ ಹಾಕುತ್ತೇನೆ. ಒಳಗೆ ಏನೂ ಇಲ್ಲ.

ನಿನ್ನ ಅವ್ವ,
ಭರಮವ್ವ


ಗೋಕಾಕ
ಶನಿವಾರ, 29 ಮಾರ್ಚ್ 2025

ಹುಕ್ಕೇರಿಯ ದ್ರಾಕ್ಷಾಯಿಣಿ ಅಕ್ಕನವರಿಗೆ, ಸೋಮಲಿಂಗನ ತಾಯಿ ಭರಮವ್ವ ಕೈಮುಗಿದು ಬರೆಯುವುದು.

ಇವತ್ತು ಶನಿವಾರ, ಕಲ್ಲೋಳಿ ಹನಮಪ್ಪನ ಉಪವಾಸ, ಮೇಲೆ ಅಮವಾಸ್ಯೆ. ಮನೆ ಸಾರಿಸಿ, ನಾಳಿನ ಯುಗಾದಿಗೆ ಬೇವು ತರಿಸಿ, ಯಜಮಾನರಿಗೆ ಉಣ್ಣಿಸಿ, ಈ ಬುತ್ತಿ ಕಟ್ಟಿದ್ದೇನೆ. ಈ ಸಲ ಡಬ್ಬಿಯನ್ನು ಅವನಿಗಲ್ಲ, ನಿಮ್ಮ ಕೈಗೇ ಕೊಡಲು ಅಶೋಕನಿಗೆ ಹೇಳಿದ್ದೇನೆ.

ಹೋದ ತಿಂಗಳು ನಾನು ಹುಕ್ಕೇರಿಗೆ ಬಂದಾಗ ನೀವು ನನ್ನನ್ನು ಕೂಡಿಸಿ, ಉಪವಾಸ ಎಂದದ್ದಕ್ಕೆ ಬಾಳೆಹಣ್ಣು, ಹಾಲು ಕೊಟ್ಟಿರಿ. ನನ್ನನ್ನು ಕಂಡು ಮಗ ಖಾನಾವಳಿಯ ಹಿಂದಿನ ಬಾಗಿಲಿನಿಂದ ಹೋದ. ನೀವು ನೋಡಿಯೂ ನೋಡದವರ ಹಾಗೆ ಹೊರಳಿ ಕುಳಿತಿರಿ. ಆ ಉಪಕಾರ ನಾನು ಮರೆಯುವುದಿಲ್ಲ. ಮತ್ತೆ ಬರಬೇಕೆಂದರೆ ಇವರನ್ನು ಬಿಟ್ಟು ಬರಲು ಆಗುವುದಿಲ್ಲ. ಎತ್ತಿ ಕೂಡಿಸಲು, ಹೊರಕಡೆಗೆ ಒಯ್ಯಲು ನಾನೊಬ್ಬಳೇ.

ಮಗ ನಿಮ್ಮಲ್ಲಿಯೂ ಹೊಟ್ಟೆ ತುಂಬ ಉಣ್ಣುವುದಿಲ್ಲ ಎಂದಿರಿ. ಇಲ್ಲಿ ಸಂಜೆ ಡಬ್ಬಿ ತಿರುಗಿ ಬಂದಾಗ ಇವರು ನನ್ನನ್ನು ಏನೂ ಕೇಳುವುದಿಲ್ಲ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಭಾರ ನೋಡುತ್ತಾರೆ. ಬೆಳಗ್ಗೆ ಹೋದಷ್ಟೇ ಭಾರ ಇರುತ್ತದೆ. ಕೆಳಗೆ ಇಟ್ಟು ಗೋಡೆಯ ಕಡೆ ಹೊರಳುತ್ತಾರೆ. ಆ ರಾತ್ರಿ ಅವರೂ ಉಣ್ಣುವುದಿಲ್ಲ. ಡಾಕ್ಟರು ಕಟ್ಟಿಗೆಯ ಕಾಲು ಹಾಕಲು ಮೈಯಲ್ಲಿ ಶಕ್ತಿ ಬರಲಿ ಎನ್ನುತ್ತಾರೆ. ಶಕ್ತಿ ಎಲ್ಲಿಂದ ಬರಬೇಕು.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಡೊಂಕಾದ ಆ ಕರಿ ಗಾಡಿ ನಮ್ಮ ಹಿತ್ತಲಲ್ಲಿ ಇತ್ತು. ಮೊನ್ನೆ ಇವರು ಮಾಳುವಿನಿಂದ ಅದನ್ನು ಹಾಸಿಗೆಯ ಬಾಜೂ ತರಿಸಿದರು. ಕೂತಲ್ಲೇ ಸರಳು ನೆಟ್ಟಗೆ ಮಾಡಿದರು. ಬಲಕ್ಕೆ ಹಾಕುತ್ತಾರೆ ಎಂದು ಮಾಳು ತಿಳಿದಿದ್ದ, ಹಳೆಯ ಸಾಮಾನು ತಂದು ಮುಂದಿಟ್ಟ. ಇವರು ಅದನ್ನು ಸರಿಸಿ, "ಎಡಕ್ಕ ಇರಲಿ. ಓಡಸಾಂವ ನಾ ಅಲ್ಲ" ಎಂದರು. ಪಾನಾ ಒರೆಸಿ ಸೀಟಿನ ಮೇಲೆ ಇಟ್ಟರು.

ಮೂಡಲಗಿಯ ಗುಜರಿಯವನು ಸೋಮವಾರ ಬರುತ್ತಾನೆ. ಇವರೇ ಹೇಳಿಕಳಿಸಿದ್ದು. ನನಗೆ ಹೇಳಿದ್ದು ಇಷ್ಟು: "ಅವನ ಕೇಳು. ಗಾಡಿ ಬೇಕಂದ್ರ ಇಡ್ತೇನಿ, ಬ್ಯಾಡಂದ್ರ ಕೊಡ್ತೇನಿ. ಒಂದ ಮಾತ ಸಾಕು." ಗಾಡಿಯ ನೆವದಿಂದ ಅವರು ಮತ್ತೇನು ಕೇಳುತ್ತಿದ್ದಾರೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಗಾಡಿ ಹೋದ ಮೇಲೆ ಅವರು ಹಾಸಿಗೆಯಿಂದ ಏಳುವುದಿಲ್ಲ. ಅದು ನನಗೆ ಗೊತ್ತಿದೆ.

ಮಗ ನನ್ನ ಕಾಗದ ಓದುವುದಿಲ್ಲ. ನಿಮ್ಮ ಬಾಯಿಯಿಂದ ಹೇಳಿರಿ. ಸಿಟ್ಟು ಮಾಡಿದರೆ ಮಾಡಲಿ, ಬಾಗಿಲು ಹಾಕಿಕೊಂಡರೆ ಹೊರಗಿನಿಂದಲೇ ಹೇಳಿರಿ. ಇಡು, ಕೊಡು, ಯಾವುದಾದರೂ ಒಂದನ್ನು ಅವನ ಕೈಯಿಂದ ಬರೆಸಿರಿ. ಬರೆಯಲು ಒಲ್ಲೆ ಎಂದರೆ ಡಬ್ಬಿ ಬಿಚ್ಚಿ ಒಂದು ರೊಟ್ಟಿಯನ್ನಾದರೂ ಮುರಿಸಿರಿ. ಭಾರ ಕಡಿಮೆಯಾದದ್ದು ಇವರ ಕೈಗೆ ತಿಳಿಯುತ್ತದೆ. ಅವನು ಮುರಿಯದಿದ್ದರೆ ನೀವು ಮಾತ್ರ ಮುರಿಯಬೇಡಿರಿ, ಹಾಗೇ ಕಳಿಸಿರಿ. ಇವರಿಗೆ ಸುಳ್ಳು ಭಾರ ತೋರಿಸಲು ನನಗೆ ಮನಸ್ಸಿಲ್ಲ.

ಅಶೋಕನ ಬಸ್ಸು ಸಂಜೆ ತಿರುಗಿ ಹೊರಡುತ್ತದೆ. ಇವರು ಈಗಲೇ ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದಾರೆ. ನಿಮ್ಮ ಒಲೆಯ ಕೆಲಸ ಎಷ್ಟಿದ್ದರೂ ಒಂದು ಗಳಿಗೆ ಬಿಟ್ಟು, ಅಕ್ಕಾ, ಮೇಲೆ ಹತ್ತಿ ಹೋಗಿ ಅವನ ಉತ್ತರ ಇಸಿದುಕೊಂಡು ಬನ್ನಿರಿ.

ನಿಮ್ಮ ತಂಗಿಯಂಥವಳು,
ಭರಮವ್ವ